ಸೆಕೆಂಡ್‌ಹ್ಯಾಂಡ್ ಐಫೋನ್: ಹೆಸರಷ್ಟೇ ಸಾಲದು, ಚೌಕಟ್ಟು ನೋಡಿ

ಹೆಸರಿನ ಅಂಕಿ ಬದಲಾದ ಮಾತ್ರಕ್ಕೆ ಮೈಕಟ್ಟು ಬದಲಾಗಿರುವುದಿಲ್ಲ. 2014ರ ಐಫೋನ್ 6ರ ಅಚ್ಚೇ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ 2017ರ 8ರವರೆಗೂ ನಡೆಯಿತು. 6 ಮತ್ತು 6ಎಸ್ ಅಂತೂ ನೋಡಲು ಅವಳಿ. ಆದರೆ 6 ಪ್ಲಸ್ ಜೇಬಿನಲ್ಲೇ ಬಾಗುತ್ತದೆಂಬ ದೂರು ಎದ್ದ ಮೇಲೆ, 2015ರ 6ಎಸ್‌ಗೆ 7000 ಸರಣಿಯ ಗಟ್ಟಿ ಅಲ್ಯೂಮಿನಿಯಂ ಬಂತು.

ಕೊಳ್ಳುವಾಗ ಮೊದಲು ಸೆಟ್ಟಿಂಗ್ಸ್, ಜನರಲ್, ಅಬೌಟ್‌ನಲ್ಲಿ ಮಾಡೆಲ್ ಹೆಸರು ನೋಡಿ. ಕವರ್ ತೆಗೆದು, ಫೋನನ್ನು ಗಾಜಿನ ಮೇಜಿನ ಮೇಲೆ ಸ್ಕ್ರೀನ್ ಕೆಳಗಾಗಿಸಿ ಇಟ್ಟು, ಆಚೆ ಬದಿಯಿಂದ ಟಾರ್ಚ್ ಬಿಡಿ. ನಡುವೆ ಮಾತ್ರ ಬೆಳಕು ತೂರಿದರೆ, ಇಲ್ಲವೇ ಮೂಲೆ ಒತ್ತಿದಾಗ ಫೋನ್ ಕುಲುಕಿದರೆ ಚೌಕಟ್ಟು ಬಾಗಿರಬಹುದು. ಸ್ಕ್ರೀನ್ ಅಂಚು ಮೇಲೆದ್ದಿದ್ದರೆ ಬ್ಯಾಟರಿ ಊದಿರಬಹುದು. ಒತ್ತಿ ಕೂರಿಸಲು ಹೋಗಬೇಡಿ.

ಅಲ್ಯೂಮಿನಿಯಂ ಆದರೆ ಚಾರ್ಜಿಂಗ್ ತೂತಿನ ಅಂಚು ನೋಡಿ, ಕೇಬಲ್ ತಾಗಿ ಬಣ್ಣ ಏಳುವುದು ಅಲ್ಲಿ. 15 ಪ್ರೊ, 16 ಪ್ರೊಗಳ ಟೈಟಾನಿಯಂ ಮೇಲಿನ ಮಬ್ಬು ಕಲೆ ಬೆರಳಿನ ಜಿಡ್ಡಿರಬಹುದು; ಸ್ವಲ್ಪ ಒದ್ದೆಯಾದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ‘ಟೈಟಾನಿಯಂ ಸಾರ್, ಏನೂ ಆಗಲ್ಲ’ ಎಂದು ರೇಟು ಏರಿಸಿದರೆ ಮರುಳಾಗಬೇಡಿ. ಮುಂದೆ ಹಿಂದೆ ಇರುವುದು ಗಾಜೇ, ಜೇಬಿನ ಮರಳ ಕಣ ಅದಕ್ಕಿಂತ ಗಟ್ಟಿ. 2025ರ 17 ಪ್ರೊನಲ್ಲಿ ಆಪಲ್ ತಾನೇ ಅಲ್ಯೂಮಿನಿಯಂಗೆ ಮರಳಿತು. ಅದು ಶಾಖವನ್ನು ಬೇಗ ಹರಡುತ್ತದೆ.