ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ಬಿಗ್ ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್) ಹಾಕ್ಸೋ ಮುಂಚೆ

ಗುರು, ಕಂಪನಿಯಿಂದ ಬರೋ ಬೋರ್ (ಸಿಲಿಂಡರ್ ಒಳಗಿನ ಅಗಲ) 78 ಎಂಎಂ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ) 86. ಬೋರ್ 82 ಮಾಡಿದ್ರೆ ಸುಮಾರು 454 ಸಿಸಿ ಆಗತ್ತೆ ಅಷ್ಟೇ, ರಾಕೆಟ್ ಏನ್ ಆಗಲ್ಲ, ಆದ್ರೆ ಲಗೇಜು ಪಿಲಿಯನ್ ಎಲ್ಲಾ ಹಾಕ್ಕೊಂಡು ಆಗುಂಬೆ ಘಾಟಿ ಹತ್ತೋವಾಗ ಪದೇ ಪದೇ ಗೇರ್ ಇಳ್ಸೋದು ಕಮ್ಮಿಯಾಗತ್ತೆ. ಬರೀ ಪಿಸ್ಟನ್ ಸಿಲಿಂಡರ್ ರೇಟ್ ನೋಡಿ ಬಜೆಟ್ ಹಾಕ್ಬೇಡಿ, ಫ್ಯೂಯಲಿಂಗ್ (ಇಂಜಿನ್‌ಗೆ ಹೋಗೋ ಪೆಟ್ರೋಲ್ ಪ್ರಮಾಣ) ಸರಿ ಮಾಡ್ಸಿಲ್ಲ ಅಂದ್ರೆ ಲೀನ್ ಓಡಿ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ, ಬಿಸಿಯಾಗಿ ಪಿಸ್ಟನ್ನೇ ಸಿಲಿಂಡರಲ್ಲಿ ಕಚ್ಕೊಂಡು ಸೀಜ್ ಆಗತ್ತೆ. ನಾನು ಆ ಫ್ಯೂಯಲಿಂಗ್ ಖರ್ಚು ಉಳ್ಸೋಕೆ ಹೋಗಿ ಎರಡ್ ಸಲ ದುಡ್ಡು ಕೊಟ್ಟೆ, ಬಿಚ್ಚಿ ನೋಡಿದ್ರೆ ಪಿಸ್ಟನ್ ಪಕ್ಕದಲ್ಲಿ ಉದ್ದುದ್ದ ಗೀರು! ಮೆಕ್ಯಾನಿಕ್ ಎದುರಲ್ಲೇ ನಿಂತು ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿ ಮಧ್ಯದ ಸಂದು) ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ಅಳ್ಸಿ. ಆಮೇಲೆ ಆರ್‌ಟಿಓ ಅನುಮತಿ ಇಲ್ದೆ ಸಿಸಿ ಬದಲಾಯ್ಸಿದ್ರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರತ್ತೆ, ಮೊದ್ಲು ಅದನ್ನ ವಿಚಾರ್ಸಿ. ಹೊಸ ಕಿಟ್ ಹಾಕ್ಸಿದ್ ವಾರವೇ ಲಡಾಖ್ ಅಂತ ಮಾತ್ರ ಹೊರಡ್ಬೇಡಿ, ರನ್-ಇನ್ (ಹೊಸ ಪಾರ್ಟ್ ಹೊಂದ್ಕೊಳ್ಳೋವರೆಗೆ ಹದವಾಗಿ ಓಡ್ಸೋದು) ಊರ ಸುತ್ತಮುತ್ತಾನೇ ಮುಗ್ಸಿ ಆಯಿಲ್ ಬದಲಾಯ್ಸಿ.