ನೂರಕ್ಕೆ ಎಷ್ಟು ಚೆಂದ: ನಗುವಿನ ಅಧ್ಯಯನ ಮಾಡಿದ ನನ್ನ ಅನುಭವ

ಹಲ್ಲಿಗೆ ಕ್ಲಿಪ್ ಹಾಕಿಸಲು ಬರುವವರಲ್ಲಿ ಯಾರೂ ತಮ್ಮ ದವಡೆಯ ಕೋನದ ಬಗ್ಗೆ ದೂರು ಹೇಳುವುದಿಲ್ಲ. ಬಾಗಲಕೋಟೆಯ ನನ್ನ ಕ್ಲಿನಿಕ್ಕಿನಲ್ಲಿ ಕೇಳಿಬರುವುದು ಒಂದೇ ಮಾತು: "ನಕ್ಕರ ಚಂದ ಕಾಣ್ಬೇಕ್ರಿ ಮೇಡಂ." ನಾವು ಮಾತ್ರ ಪಕ್ಕದಿಂದ ತಲೆಯ ಎಕ್ಸ್‌ರೇ ತೆಗೆದು, ಮೇಲ್ದವಡೆಗೆ 82 ಡಿಗ್ರಿ, ಕೆಳದವಡೆಗೆ 80, ನಡುವಿನ ವ್ಯತ್ಯಾಸ 2 ಎಂದು ಅಮೆರಿಕದ ದಂತತಜ್ಞ ಸ್ಟೈನರ್ ಹಾಕಿಕೊಟ್ಟ ಅಂಕಿಗಳಿಗೆ ಹೋಲಿಸುತ್ತ ಕೂರುತ್ತೇವೆ. ಎಕ್ಸ್‌ರೇ ತೆಗೆಯುವಾಗ ಬಾಯಿ ಮುಚ್ಚಿರುತ್ತದೆ, ಮುಖ ಅಲುಗುವಂತಿಲ್ಲ. ನಗುವನ್ನು ಜನ ನೋಡುವುದು ಎದುರಿನಿಂದ, ಅದೂ ತುಟಿ ಸರಿದಾಡುವಾಗ. ಕೋನಗಳು ಬೇಡ ಎನ್ನುತ್ತಿಲ್ಲ. ಅವಿಲ್ಲದೆ ಹಲ್ಲು ಕೀಳಬೇಕೋ ಬೇಡವೋ ಎಂಬುದನ್ನೂ ನಾನು ತೀರ್ಮಾನಿಸುವುದಿಲ್ಲ. ಆದರೆ ಅವು ಆ ಒಂದು ಮಾತಿಗೆ ಉತ್ತರ ಕೊಡುವುದಿಲ್ಲ.

ನಗು ಜನರ ಕಣ್ಣಿಗೆ ಯಾವಾಗ ಚೆಂದ ಕಾಣುತ್ತದೆ ಎಂಬ ಪ್ರಶ್ನೆ ಹೊಸದಲ್ಲ. 1999ರಲ್ಲಿ ಅಮೆರಿಕದ ಕೋಕಿಚ್ ಮತ್ತು ಸಂಗಡಿಗರು ನಗುವಿನ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಬೇಕೆಂದೇ ಕೆಡಿಸಿ ಆರ್ಥೊಡಾಂಟಿಸ್ಟರಿಗೆ (ನನ್ನ ಹಾಗೆ ಹಲ್ಲು ನೆಟ್ಟಗೆ ಮಾಡುವ ತಜ್ಞರಿಗೆ), ಸಾಮಾನ್ಯ ದಂತವೈದ್ಯರಿಗೆ, ಜನಸಾಮಾನ್ಯರಿಗೆ ತೋರಿಸಿದರು. ಮೇಲಿನ ಹಲ್ಲುಗಳ ನಡುಗೆರೆ, ಅಂದರೆ ಮುಂದಿನ ಎರಡು ಹಲ್ಲುಗಳ ನಡುವಿನ ಗೆರೆ, 4 ಮಿ.ಮೀ. ಸರಿದಾಗ ಆರ್ಥೊಡಾಂಟಿಸ್ಟರಿಗೆ ಹೊಳೆಯಿತು; ಮಿಕ್ಕವರಿಗೆ ಅಷ್ಟು ಸರಿದರೂ ತಿಳಿಯಲಿಲ್ಲ. ಅದೇ ಮುಂದಿನ ಹಲ್ಲುಗಳು 2 ಮಿ.ಮೀ. ಓರೆಯಾಗಿ ವಾಲಿದ್ದು ಮೂರೂ ಗುಂಪಿನವರ ಕಣ್ಣಿಗೆ ಬಿತ್ತು. ನಡುಗೆರೆಯ ಒಂದೂವರೆ ಮಿ.ಮೀ. ಕೂಡಿಸಲು ರಬ್ಬರ್ ಬ್ಯಾಂಡ್ ಹಾಕಿಸಿ ಹುಡುಗರನ್ನು ತಿಂಗಳುಗಟ್ಟಲೆ ಓಡಾಡಿಸುವ ನಮ್ಮ ವೃತ್ತಿಗೆ ಇದು ಸಣ್ಣ ಮಾತಲ್ಲ. ಆದರೆ ಅಲ್ಲಿ ನೋಡಿದವರು ಸಿಯಾಟಲ್ ಕಡೆಯವರು. ನಮ್ಮ ಕಡೆಯವರ ಕಣ್ಣಿಗೆ ಮೊದಲು ಬೀಳುವುದು ಏನು? ಇದನ್ನು ತಿಳಿಯಲೆಂದೇ ಕಾಲೇಜೊಂದರ ಜೊತೆ ಸೇರಿ ಸಣ್ಣ ಅಧ್ಯಯನ ಶುರು ಮಾಡಿದೆ.

ಸಂಖ್ಯಾಶಾಸ್ತ್ರದವರ ಬಳಿ ಹೋದಾಗ, ಎಷ್ಟು ಜನ ಬೇಕು ಎಂಬ ನನ್ನ ಪ್ರಶ್ನೆಗೆ ಅವರು ಮರುಪ್ರಶ್ನೆ ಹಾಕಿದರು: "ಎಷ್ಟು ವ್ಯತ್ಯಾಸ ಬಂದ್ರ ನೀವು ಚಿಕಿತ್ಸೆ ಬದಲಾಯಿಸ್ತೀರಿ, ಅದನ್ನ ಹೇಳ್ರಿ ಮೊದ್ಲ." ಶೇ. 80 ಪವರ್ (ನಿಜಕ್ಕೂ ಇರುವ ವ್ಯತ್ಯಾಸ ಕೈತಪ್ಪದಿರುವ ಸಾಧ್ಯತೆ), ಶೇ. 5 ತಪ್ಪಿಗೆ ಅವಕಾಶ (ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ತಪ್ಪು) ಎಂಬುದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಈ ಪ್ರಶ್ನೆಗೆ ಉತ್ತರ ಚಿಕಿತ್ಸೆ ಮಾಡುವವರೇ ಕೊಡಬೇಕು. ಸಂಶೋಧನೆ ಮಾಡಹೊರಟ ಪಿಜಿ ವಿದ್ಯಾರ್ಥಿಗಳಿಗೆ ನಾನು ಹೇಳುವುದೂ ಇದನ್ನೇ: ಸಾಫ್ಟ್‌ವೇರ್ ತೆರೆಯುವ ಮೊದಲು ಆ ಒಂದು ಸಾಲು ಬರೆದಿಟ್ಟುಕೊಳ್ಳಿ.

ಸಂಶೋಧನೆಗೆ ಒಪ್ಪಿಗೆ ಕೊಡುವ ನೀತಿ ಸಮಿತಿಯ ಅನುಮತಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಆಧಾರ. ಹದಿನೆಂಟು ತುಂಬದವರಿದ್ದರೆ ತಂದೆ-ತಾಯಿಯ ಒಪ್ಪಿಗೆಯ ಜೊತೆ ಮಗುವಿನ ಸಮ್ಮತಿಯೂ ಬೇಕು. ಏಳರಿಂದ ಹನ್ನೆರಡರವರೆಗೆ ಬಾಯಿಮಾತು ಸಾಕು, ಆಮೇಲೆ ಬರಹದಲ್ಲಿ. ಒಪ್ಪಿಗೆ ಪತ್ರದ ಕನ್ನಡವನ್ನು ನಾನೇ ಎರಡು ಬಾರಿ ತಿದ್ದಿದೆ. ಮೊದಲ ಕರಡಿನಲ್ಲಿ "ಛಾಯಾಚಿತ್ರಗಳ ಗೋಪ್ಯತೆಯನ್ನು ಕಾಯ್ದುಕೊಳ್ಳಲಾಗುವುದು" ಎಂದಿತ್ತು. ಅದರ ಬದಲು "ನಿಮ್ಮ ಮೂಗಿನ ಕೆಳಗಿನ ಭಾಗ ಮಾತ್ರ ಬೇರೆಯವರಿಗೆ ತೋರಿಸ್ತೀವಿ" ಎಂದು ಬರೆದ ಮೇಲೆ ತಾಯಂದಿರು ಓದಿ ಪ್ರಶ್ನೆ ಕೇಳತೊಡಗಿದರು. ನನಗೆ ಬೇಕಾದದ್ದೂ ಅದೇ.

ಇನ್ನು ಫೋಟೊ. 100 ಮಿ.ಮೀ. ಮ್ಯಾಕ್ರೊ ಲೆನ್ಸ್, ರಿಂಗ್ ಫ್ಲ್ಯಾಶ್, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ನೆಲದ ಮೇಲೆ ಟೇಪಿನ ಗುರುತು, ಇಷ್ಟನ್ನು ಒಮ್ಮೆ ಸರಿಯಾಗಿ ಹೊಂದಿಸಿಟ್ಟರೆ ಮುಗಿಯಿತು. ಕಷ್ಟವಾದದ್ದು ನಗಿಸುವುದು. "ನಗ್ರೀ" ಅಂದರೆ ಹೆಣ್ಣುಮಕ್ಕಳ ಕೈ ತಾನಾಗಿ ಸೆರಗಿಗೋ ದುಪಟ್ಟಾಕ್ಕೋ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ವರ್ಷಗಟ್ಟಲೆ ಉಬ್ಬು ಹಲ್ಲು ಮರೆಮಾಡಿ ಬೆಳೆದವರಿಗೆ ಅದು ಅಭ್ಯಾಸ. ಹುಡುಗರು ತುಟಿ ಬಿಗಿಹಿಡಿದು ಪಾಸ್‌ಪೋರ್ಟ್ ಫೋಟೊಕ್ಕೆ ನಿಂತ ಹಾಗೆ ನಿಲ್ಲುತ್ತಾರೆ. ಬೇಡಿಕೆಯ ನಗು ಬೇರೆ, ತಾನಾಗಿ ಉಕ್ಕುವ ನಗು ಬೇರೆ. ಎರಡನೆಯದರಲ್ಲಿ ತುಟಿ ಇನ್ನೂ ಮೇಲೇರಿ ವಸಡು ಹೆಚ್ಚು ಕಾಣಬಹುದು. ಅಧ್ಯಯನಕ್ಕೆ ಮೊದಲನೆಯದನ್ನೇ ಆರಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಮರುದಿನ ಕೇಳಿದರೂ ಹೆಚ್ಚುಕಡಿಮೆ ಅದೇ ನಗು ಸಿಗುತ್ತದೆ.

ಅಮೆರಿಕದ ಆರ್ಥೊಡಾಂಟಿಸ್ಟರಾದ ಸಾರ್ವರ್ ಮತ್ತು ಅಕರ್ಮನ್ 2003ರಲ್ಲೇ ಒಂದೇ ಫೋಟೊದ ಬದಲು ಚಿಕ್ಕ ವಿಡಿಯೊ ತೆಗೆದು ಅದರಿಂದ ಒಂದು ಚೌಕಟ್ಟು (ಫ್ರೇಮ್) ಆರಿಸುವ ದಾರಿ ತೋರಿಸಿದ್ದರು. ಅವರ ಪದ್ಧತಿಯಲ್ಲಿ ರೋಗಿ ಒಂದು ಗೊತ್ತಾದ ಇಂಗ್ಲಿಷ್ ವಾಕ್ಯ ಹೇಳಿ ನಂತರ ನಗಬೇಕು. ಆ ವಾಕ್ಯ ನಮ್ಮವರ ಬಾಯಲ್ಲಿ ಹೊರಳುವುದಿಲ್ಲ. ನಾನು "ಇಳಕಲ್ಲ ಸೀರಿ" ಎಂದು ಹೇಳಿಸತೊಡಗಿದೆ. ಕೊನೆಯ "ರೀ" ಎಳೆದಾಗ ಬಾಯಿಯ ಎರಡೂ ಮೂಲೆ ಚೆನ್ನಾಗಿ ಹಿಂದಕ್ಕೆ ಹೋಗುತ್ತವೆ, ಅದರ ಬೆನ್ನಿಗೆ ನಗುವೂ ಬರುತ್ತದೆ. "ಕೊಡಸ್ತೀರೇನ್ರಿ ಮತ್ತ?" ಎಂದು ಕೇಳದ ಹೆಣ್ಣುಮಕ್ಕಳು ಕಡಿಮೆ. ಆ ಕ್ಷಣದ ಚೌಕಟ್ಟೇ ಬಹಳ ಸಲ ಒಳ್ಳೆಯದಿರುತ್ತಿತ್ತು. ಆದರೆ ಅದು ತಾನಾಗಿ ಉಕ್ಕಿದ ನಗುವಾದ್ದರಿಂದ ನಿಯಮದ ಪ್ರಕಾರ ಬಿಟ್ಟುಬಿಡಬೇಕಿತ್ತು. ಹೊಟ್ಟೆ ಉರಿದರೂ ಬಿಟ್ಟೆ.

ಫೋಟೊದ ಮೇಲಿನ ಅಳತೆಯನ್ನು ನಿಜವಾದ ಮಿಲಿಮೀಟರಿಗೆ ತರಲು ರೋಗಿಯ ಹಲ್ಲುಗಳ ಗಾರೆ ಅಚ್ಚಿನ ಮೇಲೆ ಮುಂಬಾಚಿಹಲ್ಲಿನ ಅಗಲವನ್ನು ಡಿಜಿಟಲ್ ಕ್ಯಾಲಿಪರಿನಲ್ಲಿ ಅಳೆದು ತಾಳೆ ಹಾಕಿದೆ. ಸ್ವಲ್ಪ ದಿನ ಬಿಟ್ಟು, ಮೊದಲ ಅಂಕಿ ನೋಡದೆ ಮತ್ತೆ ಅಳೆದು, ಎರಡರ ನಡುವಿನ ತಪ್ಪನ್ನು 1940ರ ಡಾಲ್‌ಬರ್ಗ್ ಸೂತ್ರದಿಂದ ಲೆಕ್ಕ ಹಾಕಿದೆ. ಬೇಸರದ ಕೆಲಸ, ಬಿಡುವಂತಿಲ್ಲ. ಆಮೇಲೆ ಒಂದೇ ನಗುವನ್ನು ತೆಗೆದುಕೊಂಡು ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು: ನಡುಗೆರೆ ಸರಿಸಿದರೆ ವಸಡು ಮುಟ್ಟಬಾರದು, ವಸಡು ಹೆಚ್ಚಿಸಿದರೆ ಹಲ್ಲಿನ ಉದ್ದ ಮುಟ್ಟಬಾರದು.

ಅಂಕ ಹಾಕಿಸುವ ಹಂತಕ್ಕೆ ಬಂದಾಗ ಪುಸ್ತಕದ ದಾರಿ ಕೈಕೊಟ್ಟಿತು. ನೂರು ಮಿಲಿಮೀಟರಿನ ಗೆರೆ ಎಳೆದು, ಎಡತುದಿ ಅಸಹ್ಯ, ಬಲತುದಿ ಬಹಳ ಚೆಂದ, ನಡುವೆ ಎಲ್ಲಿ ಬೇಕೋ ಅಲ್ಲಿ ಗುರುತು ಹಾಕಿ ಎನ್ನುವುದು ರೂಢಿ. ಕಾಲೇಜು ಹುಡುಗರು ಹಾಕಿದರು. ಕಿರಾಣಿ ಅಂಗಡಿಯ ಕಾಕಾ, ಅಂಗನವಾಡಿಯ ಅಕ್ಕಾರು ಗೆರೆಯನ್ನೇ ನೋಡುತ್ತ ಕುಳಿತರು. "ನೂರಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಅಂದಾಗ ಎಲ್ಲರಿಗೂ ತಿಳಿಯಿತು. ಆದರೆ ಇನ್ನೊಂದು ತಕರಾರು ಹುಟ್ಟಿತು: ಯಾರೂ ಮೂವತ್ತೈದಕ್ಕಿಂತ ಕಡಿಮೆ ಕೊಡಲಿಲ್ಲ! ಎಸ್‌ಎಸ್‌ಎಲ್‌ಸಿಯ ಬಹುಕಾಲದ ಪಾಸ್ ಗೆರೆ ನಮ್ಮ ಜನರ ತಲೆಯಲ್ಲಿ ಅಷ್ಟು ಆಳವಾಗಿ ಕೂತಿದೆ. "ಪಾಪ, ಫೇಲ್ ಹೆಂಗ ಮಾಡ್ಲಿ, ದೇವ್ರು ಕೊಟ್ಟ ಹಲ್ಲು" ಎಂದರು ಒಬ್ಬ ಅಜ್ಜಿ.

ಆದ್ದರಿಂದ ಅಂಕ ಬಿಟ್ಟು ಎರಡೆರಡು ಫೋಟೊ ಪಕ್ಕಪಕ್ಕ ಇಟ್ಟು "ಯಾವದು ಚಂದ?" ಎಂದು ಕೇಳುವ ಪದ್ಧತಿಗೆ ಬಂದೆ. ಇದು 1927ರಲ್ಲಿ ಮನಶ್ಶಾಸ್ತ್ರಜ್ಞ ಥರ್ಸ್ಟನ್ ಕಟ್ಟಿದ ಹಳೆಯ ಲೆಕ್ಕ. ಹತ್ತು ಫೋಟೊ ಇದ್ದರೆ 45 ಜೋಡಿ. ಇಪ್ಪತ್ತಾದರೆ 190 ಜೋಡಿ, ಅಷ್ಟರಲ್ಲಿ ಚಹಾ ಆರಿ ಜನ ಎದ್ದು ಹೋಗಿರುತ್ತಾರೆ. ಹತ್ತಕ್ಕೇ ನಿಲ್ಲಿಸಿದೆ. ಕೆಲವು ಜೋಡಿಗಳನ್ನು ಎಡಬಲ ಅದಲುಬದಲು ಮಾಡಿ ಮತ್ತೆ ತೋರಿಸಿದೆ, ಉತ್ತರ ಗಟ್ಟಿಯೋ ಬಾಯಿಗೆ ಬಂದದ್ದೋ ತಿಳಿಯಲೆಂದು. ಒಬ್ಬರೇ ಕೊಟ್ಟ ಹಲವು ಉತ್ತರಗಳನ್ನು ಹಲವರ ಉತ್ತರವೆಂದು ಎಣಿಸುವಂತಿಲ್ಲ ಎಂಬುದು ನೆನಪಿರಲಿ. ನಾನು ನೋಡುವ ಪ್ರಬಂಧಗಳಲ್ಲಿ ಈ ಎಣಿಕೆಯೇ ಬಹಳ ಕಡೆ ಜಾರುತ್ತದೆ.

ಊರು ಚಿಕ್ಕದಾದರೆ ಇನ್ನೊಂದು ಫಜೀತಿ. ಮೂಗಿನ ಕೆಳಗಷ್ಟೇ ತೋರಿಸಿದರೂ, ತುಟಿಯ ಪಕ್ಕದ ಮಚ್ಚೆ ನೋಡಿ ಒಬ್ಬರು "ಇದು ನಮ್ಮ ಓಣಿ ಹುಡುಗಿ ಬಾಯಿ ಅಲ್ರೀ?" ಎಂದರು. ಅಲ್ಲಿಗೇ ಆ ಫೋಟೊ ಅಧ್ಯಯನದಿಂದ ಹೊರಗೆ. ಆಮೇಲೆ ಮಚ್ಚೆ-ಗಾಯದ ಗುರುತುಗಳನ್ನು ಅಳಿಸಿ, ಬಾಗಲಕೋಟೆಯ ಬಾಯಿಗಳನ್ನು ವಿಜಯಪುರದವರಿಗೆ ತೋರಿಸಿದೆ.

ಬಂದ ಫಲವೇನು? ನನ್ನದು ಸಣ್ಣ ಗುಂಪು, ಅದರ ಮೇಲೆ ದೊಡ್ಡ ಮಾತು ಕಟ್ಟಲಾರೆ. ನಡುಗೆರೆ ಸರಿದದ್ದನ್ನು ಜನಸಾಮಾನ್ಯರು ಹೆಚ್ಚುಕಡಿಮೆ ಗಮನಿಸಲೇ ಇಲ್ಲ. ಓರೆ ಹಲ್ಲು, ಮುಂದಿನ ಸಂದು, ಎದ್ದು ಕಾಣುವ ವಸಡು ಗಮನ ಸೆಳೆದವು. ಆದರೆ ನಾನು ಕೇಳದೆಯೇ ಎಲ್ಲರೂ ಮೊದಲು ಆಡಿದ ಮಾತು ಬಣ್ಣದ್ದು. "ಹಲ್ಲು ನೆಟ್ಟಗ ಅದಾವ, ಖರೆ, ಕಂದು ಕಲಿ ಬಿದ್ದಾವಲ್ರಿ." ಹುನಗುಂದ-ಇಳಕಲ್ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ, ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ದಾಟಬಾರದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದವರ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲೆ ಬಿಳಿ, ಕಂದು ಮಚ್ಚೆ ಉಳಿದುಬಿಡುತ್ತದೆ. ಫೋಟೊಗಳನ್ನು ಕಪ್ಪು-ಬಿಳುಪು ಮಾಡಿ ಮತ್ತೆ ತೋರಿಸಿದ ಮೇಲಷ್ಟೇ ಜನ ಹಲ್ಲಿನ ಸಾಲನ್ನು ನೋಡಿದರು.

ಇದರಿಂದ ಕುರ್ಚಿಯ ಬಳಿ ನನ್ನ ಮಾತು ಬದಲಾಯಿತು. ಕಲೆಯಿರುವ ಹಲ್ಲಿಗೆ ಕ್ಲಿಪ್ ಹಾಕುವ ಮೊದಲೇ ಬಣ್ಣದ ಫೋಟೊ ತೆಗೆದು, ತಂತಿಯಿಂದ ಹಲ್ಲು ನೆಟ್ಟಗಾಗುತ್ತದೆ, ಕಲೆ ಹೋಗುವುದಿಲ್ಲ ಎಂದು ತೋರಿಸಿಯೇ ಹೇಳುತ್ತೇನೆ. ಚಿಕಿತ್ಸೆಯ ನಡುವೆ ಸರಿಯಾಗಿ ಉಜ್ಜದೆ ಬರುವ ಬಿಳಿ ಮಚ್ಚೆಗೂ ಫ್ಲೋರೈಡಿನ ಮಚ್ಚೆಗೂ ಜಗಳ ಬಂದಾಗ ಆ ಫೋಟೊವೇ ಸಾಕ್ಷಿ. ಬ್ರ್ಯಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಅಂಟಲೆಂದು ಮೊದಲು ಹಚ್ಚುವ 37 ಶೇಕಡಾ ಫಾಸ್ಫಾರಿಕ್ ಆಮ್ಲ ಇಂಥ ಎನಾಮಲ್ಲಿಗೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಬ್ರ್ಯಾಕೆಟ್ ಕಳಚುವುದು ಹೆಚ್ಚು. ಮೇಲ್ಪದರವನ್ನು ತೆಳುವಾಗಿ ಉಜ್ಜಿ ಅಂಟಿಸುತ್ತೇನೆ.

ವಸಡಿನ ವಿಚಾರದಲ್ಲಿ ಮಾತ್ರ ಜನರ ತೀರ್ಪಿಗೆ ಪೂರ್ತಿ ತಲೆಬಾಗಿಲ್ಲ. ವಯಸ್ಸಾದಂತೆ ಮೇಲ್ತುಟಿ ಇಳಿದು ಮೇಲಿನ ಹಲ್ಲು ಕಾಣುವುದು ಕಡಿಮೆಯಾಗುತ್ತದೆ ಎಂದು ಸಂಶೋಧಕರಾದ ವಿಗ್ ಮತ್ತು ಬ್ರುಂಡೊ 1978ರಲ್ಲೇ ತೋರಿಸಿದ್ದಾರೆ. ಹದಿನಾರರ ಹುಡುಗಿಯ ವಸಡು ಒಂದಿಷ್ಟೂ ಕಾಣದಂತೆ ದವಡೆಯ ಎಲುಬಿಗೆ ಪುಟ್ಟ ಸ್ಕ್ರೂ ಹಾಕಿ ಹಲ್ಲು ಮೇಲೆಳೆದರೆ, ನಲವತ್ತಕ್ಕೆ ಅವಳು ನಕ್ಕಾಗ ಹಲ್ಲೇ ಕಾಣದ ಪರಿಸ್ಥಿತಿ. ತಾಯಿಯನ್ನೂ ಮಗಳನ್ನೂ ಒಟ್ಟಿಗೆ ಕೂರಿಸಿ ನಗಿಸಿದರೆ ಈ ಮಾತನ್ನು ಬೇರೆ ವಿವರಿಸಬೇಕಿಲ್ಲ. ನಡುಗೆರೆ ಒಂದು ಮಿ.ಮೀ. ಸರಿದಿದ್ದರೆ, ಕಚ್ಚುವಿಕೆ ಸರಿಯಿದ್ದರೆ, ಈಗ ಮನೆಯವರೊಂದಿಗೆ ಮಾತಾಡಿ ಬ್ರ್ಯಾಕೆಟ್ ಬಿಚ್ಚುತ್ತೇನೆ. ಮುಂದಿನ ಸುತ್ತಿನಲ್ಲಿ ಕಲೆಯಿರುವ ನೆಟ್ಟ ಹಲ್ಲು, ಕಲೆಯಿಲ್ಲದ ಓರೆ ಹಲ್ಲು ಎರಡನ್ನೂ ಜೋಡಿಯಾಗಿ ಇಟ್ಟು ಕೇಳಬೇಕೆಂದಿದ್ದೇನೆ. ಅದರ ಅರ್ಜಿ ನೀತಿ ಸಮಿತಿಯ ಮುಂದಿದೆ.