ಆರನೇ ನಂಬರಿನ ಜಿಟಿ40 ಮತ್ತು ನಾನು ಕಿತ್ತಿಟ್ಟ ಮ್ಯಾಗ್ನೆಟ್

ನಾನಿರುವುದು ಇಂಗ್ಲೆಂಡಿನ ಸ್ಲೌ ಊರಿನಲ್ಲಿ. ಇಲ್ಲಿನ ಟ್ರೇಡಿಂಗ್ ಎಸ್ಟೇಟ್ ಪಕ್ಕ ದಿನಾ ಓಡಾಡುತ್ತಿದ್ದರೂ ಫೋರ್ಡ್ ಜಿಟಿ40 ಅನ್ನುವ ರೇಸ್ ಕಾರು ತಯಾರಾಗುತ್ತಿದ್ದದ್ದು ಅಲ್ಲೇ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಜಾನ್ ವೈಯರ್ ಅವರ ತಂಡ ಈ ಊರಿನಿಂದಲೇ ರೇಸಿಗೆ ಹೋಗುತ್ತಿತ್ತು. ತಿಳಿನೀಲಿ ಬಣ್ಣ, ನಡುವೆ ಕಿತ್ತಳೆ ಪಟ್ಟೆ. 1075 ಅನ್ನುವ ಷಾಸಿ ನಂಬರಿನ ಒಂದೇ ಕಾರು 1968ರಲ್ಲೂ 1969ರಲ್ಲೂ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸ್ ಗೆದ್ದಿತು. ಎರಡನೇ ಸಲ ಜಾಕಿ ಇಕ್ಸ್, ಜಾಕಿ ಆಲಿವರ್ ಓಡಿಸಿದ್ದರು, ನಂಬರ್ 6. ಇಡೀ ದಿನ ಓಡಿ ಕೊನೆಗೆ ಹಿಂದಿದ್ದ ಪೋರ್ಷೆಗಿಂತ ಮುಂದಿದ್ದದ್ದು ಸುಮಾರು 120 ಮೀಟರ್ ಅಷ್ಟೆ!

ಇಷ್ಟು ಓದಿದ ಮೇಲೆ ಸುಮ್ನೆ ಇರೋಕಾಗುತ್ತಾ? ಅದೇ ಆರನೇ ನಂಬರಿನ 1/32 ಅಳತೆಯ ಸ್ಲಾಟ್ ಕಾರು, ಅಂದರೆ ಟ್ರ್ಯಾಕಿನ ಸೀಳಿನಲ್ಲಿ ಕರೆಂಟಿನಿಂದ ಓಡುವ ಪುಟ್ಟ ಮಾದರಿ ಕಾರು, ಕೊಂಡೆ. ಉದ್ದ 13 ಸೆಂಟಿಮೀಟರ್, ಎತ್ತರ ಬರೀ ಮೂರು ಚಿಲ್ಲರೆ. ಟ್ರ್ಯಾಕಿನಲ್ಲಿ ಕೊರೆದ ಸೀಳಿಗೆ ಕಾರಿನ ಮೂತಿಯ ಕೆಳಗಿರುವ ಗೈಡ್ ಇಳಿಯುತ್ತದೆ, ಅದರ ಎರಡೂ ಬದಿಯ ತಾಮ್ರದ ಜಡೆ ಕರೆಂಟ್ ಎಳೆದುಕೊಳ್ಳುತ್ತದೆ. ಸ್ಟಿಯರಿಂಗ್ ಇಲ್ಲ, ಕೈಯಲ್ಲಿ ಹಿಡಿದ ಟ್ರಿಗರ್ ಒತ್ತಿ ಹೆಚ್ಚು ಕಡಿಮೆ ಮಾಡಬಹುದಾದದ್ದು ವೇಗ ಮಾತ್ರ.

ಮನೆಯ ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಬಾಣದ ಹಾಗೆ ಓಡಿತು. ಕ್ಲಬ್ಬಿನ ಮರದ ಟ್ರ್ಯಾಕಿಗೆ ಒಯ್ದರೆ ಪ್ರತಿ ತಿರುವಿನಲ್ಲೂ ಹಿಂಭಾಗ ಎಗರಿ ಹೊರಗೆ ಬೀಳುತ್ತಿತ್ತು. ಕಾರಣ ಆಮೇಲೆ ಹೊಳೆಯಿತು. ಕಾರಿನ ಹೊಟ್ಟೆಯಲ್ಲಿ ಒಂದು ಮ್ಯಾಗ್ನೆಟ್ ಇತ್ತು. ಮನೆಯ ಟ್ರ್ಯಾಕಿನ ಕಬ್ಬಿಣದ ಹಳಿ ಅದನ್ನು ಕೆಳಗೆ ಎಳೆದು ಹಿಡಿಯುತ್ತಿತ್ತು, ಮರದ ಟ್ರ್ಯಾಕಿನಲ್ಲಿ ಇರುವುದು ತಾಮ್ರದ ಟೇಪು, ತಾಮ್ರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ ಅಲ್ವಾ. ಅಂದರೆ ಅಷ್ಟು ದಿನ ಕಾರನ್ನು ಹಿಡಿದಿದ್ದದ್ದು ಟೈರೂ ಅಲ್ಲ, ನನ್ನ ಕೈಯೂ ಅಲ್ಲ. ಅವತ್ತೇ ಅದನ್ನು ಕಿತ್ತು ಡಬ್ಬಿಗೆ ಹಾಕಿದೆ.

ನಿಜವಾದ ಕೆಲಸ ಇದ್ದದ್ದು ಹಿಂದಿನ ಟೈರುಗಳಲ್ಲಿ. ಹೊಸ ಟೈರು ಕಣ್ಣಿಗೆ ದುಂಡಗೆ ಕಾಣುತ್ತದೆ, ಆದರೆ ಇರುವುದಿಲ್ಲ. ಅದರ ಮೇಲೆಲ್ಲ ಬಿಳಿ ಪೆನ್ಸಿಲಿನಿಂದ ಗೀಚಿ ಸ್ಯಾಂಡ್ ಪೇಪರ್ ಮೇಲೆ ಒಂದು ಸುತ್ತು ಉರುಳಿಸಿ ನೋಡಿ. ನನ್ನದರಲ್ಲಿ ಗೀಚು ಅಳಿಸಿದ್ದು ನಡುವಿನ ಸಣ್ಣ ಪಟ್ಟಿಯಲ್ಲಿ ಮಾತ್ರ. ಅಂದರೆ ನೆಲ ಮುಟ್ಟುತ್ತಿದ್ದದ್ದು ಅಷ್ಟೇ ಅಗಲ. ಮೊದಲು ಟೈರನ್ನು ರಿಮ್ಮಿಗೆ ಸೂಪರ್ ಗ್ಲೂ ಹಾಕಿ ಅಂಟಿಸಿದೆ, ಇಲ್ಲದಿದ್ದರೆ ವೇಗದಲ್ಲಿ ಉಬ್ಬಿ ಜಾರುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟೆ. ಆಮೇಲೆ ಗಾಜಿನ ಮೇಲೆ 240 ಗ್ರಿಟ್ಟಿನ (ಸ್ವಲ್ಪ ಒರಟಾದ) ಸ್ಯಾಂಡ್ ಪೇಪರ್ ಅಂಟಿಸಿ, ಮೋಟರಿಗೆ ಆರು ವೋಲ್ಟ್ ಕೊಟ್ಟು, ಹಿಂದಿನ ಚಕ್ರಗಳನ್ನು ಹಗುರವಾಗಿ ತಾಗಿಸಿ ಹಿಡಿದೆ. ಹತ್ತು ಸೆಕೆಂಡ್ ಉಜ್ಜುವುದು, ಮೋಟರ್ ತಣಿಯಲು ಬಿಡುವುದು, ಮತ್ತೆ ಗೀಚಿ ನೋಡುವುದು. ಎರಡು ಸಂಜೆ ಹಿಡಿಯಿತು. ಅವಸರ ಮಾಡಿ ಒತ್ತಬೇಡಿ, ಮೋಟರ್ ಸುಡುತ್ತದೆ. ಗೀಚು ಪೂರ್ತಿ ಅಗಲಕ್ಕೆ ಅಳಿಸಿ ಹೋದ ಮೇಲೆ ಇನ್ನೂ ನುಣ್ಣಗಿನ 400ರ ಪೇಪರಿನಲ್ಲಿ ನುಣುಪು ಮಾಡಿದೆ.

ಉಳಿದದ್ದು ಸಣ್ಣಪುಟ್ಟ ಕೆಲಸ. ಬಾಡಿಯ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟೆ, ಬಾಡಿ ಷಾಸಿಯ ಮೇಲೆ ಒಂಚೂರು ಅಲುಗಾಡಬೇಕು, ಆಗ ಷಾಸಿ ತಿರುವಿನಲ್ಲಿ ನೆಲ ಬಿಡುವುದಿಲ್ಲ. ಮೂತಿ ಸೀಳಿನಲ್ಲೇ ಕೂರಲಿ ಅಂತ ಗೈಡಿನ ಹಿಂದೆ ಐದು ಗ್ರಾಂ ಸೀಸ ಅಂಟಿಸಿದೆ. ಆಕ್ಸಲ್ ತಿರುಗುವ ಬುಷಿಗೆ ಒಂದೊಂದು ಹನಿ ಎಣ್ಣೆ, ಅದಕ್ಕಿಂತ ಜಾಸ್ತಿ ಹಾಕಿದರೆ ಟೈರಿಗೆ ಚಿಮ್ಮುತ್ತದೆ.

ಮುಂದಿನ ವಾರ ಕ್ಲಬ್ಬಿನಲ್ಲಿ ಇಪ್ಪತ್ತು ಸುತ್ತು ಓಡಿಸಿದೆ, ಒಂದು ಸಲವೂ ಸೀಳು ಬಿಡಲಿಲ್ಲ. ಈಗ ಟ್ರಿಗರ್ ಸಡಿಲಿಸಿದರೆ ಹಿಂಭಾಗ ಮೆಲ್ಲಗೆ ಜಾರಿ, ತಾನೇ ನೇರವಾಗುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ. ಮುಂಭಾಗದ ಟೈರು ಮಾತ್ರ ಇನ್ನೂ ತಿರುವಿನಲ್ಲಿ ನೆಲ ಕಚ್ಚುತ್ತಿದೆ. ಅದರ ಹಿಡಿತ ಕಡಿಮೆಯಾಗಲಿ ಅಂತ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಬಳಿದಿದ್ದೇನೆ, ಇವತ್ತು ಕಿಟಕಿ ಹತ್ತಿರ ಒಣಗುತ್ತಿದೆ.